ಕಟ್ಟ ಎದ್ದ ಮೇಲೆ ದಡದ ಬೆಲೆ

ಕಾಸರಗೋಡಿನ ಬದಿಯಡ್ಕ, ಕುಂಬಳೆಯ ಮೊಬೈಲ್ ಅಂಗಡಿಗಳಲ್ಲಿ ಈಗೊಂದು ಹೆಮ್ಮೆಯ ಮಾತಿದೆ: ಫೋನು ನಮ್ಮ ದೇಶದಲ್ಲೇ ತಯಾರಾದ್ದು, ಹೊರಗಿನವರಿಗೆ ಬಿಡಿಗಾಸೂ ಹೋಗುವುದಿಲ್ಲ. ಹೋಗುತ್ತದೆ ಮಾರಾಯ್ರೇ! ತನ್ನ 5ಜಿ ಪೇಟೆಂಟುಗಳಿಗೆ ಸ್ವೀಡನ್ನಿನ ಎರಿಕ್ಸನ್ ಕಂಪೆನಿ 2017ರಲ್ಲಿ ಪ್ರಕಟಿಸಿದ ದರ ಫೋನೊಂದಕ್ಕೆ 5 ಡಾಲರ್. ಅಗ್ಗದ ಫೋನಿಗೆ 2.50ರ ತನಕ ಇಳಿಯಬಹುದು. ನೋಕಿಯಾದ ಮಿತಿ 3 ಯೂರೋ, ಹುವಾವೇಯದ್ದು 2.50 ಡಾಲರ್. ಕ್ವಾಲ್ಕಾಮ್ ಕೇಳುವುದು ಫೋನಿನ ಬೆಲೆಯಲ್ಲೇ ಶೇ. 3.25. (400 ಡಾಲರಿಗಿಂತ ಮೇಲಿನ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟು ಉಪಕಾರ.) ಇವೆಲ್ಲ ಹೊರಗೆ ಹೇಳುವ ದರ, ಚೌಕಾಸಿ ನಡೆಯುವುದು ಗುಟ್ಟಾಗಿ.

ಏತಡ್ಕದ ಕಡೆ ಮಳೆ ನಿಂತ ಮೇಲೆ ತೋಡಿಗೆ ಕಟ್ಟ (ನೀರು ನಿಲ್ಲಿಸುವ ಅಡ್ಡ ಒಡ್ಡು) ಹಾಕುವುದನ್ನು ನೆನೆಯಿರಿ. ಜಾಗ ತೀರ್ಮಾನವಾಗುವ ಮೊದಲು ಒಬ್ಬ ಹೆಚ್ಚು ಕೇಳಿದರೆ ಇನ್ನೊಬ್ಬನ ದಡಕ್ಕೆ ಹೋದರಾಯಿತು. ಕಟ್ಟ ಎದ್ದು, ನೀರು ನಿಂತು, ಸುತ್ತಲಿನ ಅಡಕೆ ತೋಟಗಳೆಲ್ಲ ಅದನ್ನೇ ನಂಬಿದ ಮೇಲೆ ದಡದ ಯಜಮಾನ ಬಾಡಿಗೆ ಏರಿಸಿದರೆ? ಮಣ್ಣು ಅದೇ, ಬೆಲೆ ಹತ್ತು ಪಟ್ಟು. ಆ ಹೆಚ್ಚಳ ಅವನ ಮಣ್ಣಿನ ಗುಣವಲ್ಲ, ಊರವರೆಲ್ಲ ಅಲ್ಲಿ ಕೂಡಿದ್ದರ ಗುಣ. ಪೇಟೆಂಟೊಂದು ಮಾನದಂಡದೊಳಗೆ, ಅಂದರೆ ಎಲ್ಲ ಕಂಪೆನಿಗಳ ಉಪಕರಣಗಳೂ ಪರಸ್ಪರ ಹೊಂದಲೆಂದು ಒಪ್ಪಿಕೊಂಡ ತಾಂತ್ರಿಕ ನಿಯಮಗಳೊಳಗೆ, ಸೇರಿದಾಗ ಆಗುವುದೂ ಇದೇ. ಅದಕ್ಕೇ ಯುರೋಪಿನ ಎಟ್ಸಿಯಂಥ, ಮಾನದಂಡ ರೂಪಿಸುವ ಸಂಸ್ಥೆಗಳು ‘ನ್ಯಾಯವಾದ, ತಾರತಮ್ಯವಿಲ್ಲದ ದರಕ್ಕೆ ಪರವಾನಗಿ ಕೊಡುತ್ತೇವೆ’ ಎಂಬ ಮಾತನ್ನು ಪೇಟೆಂಟುದಾರರಿಂದ ಪಡೆಯುತ್ತವೆ. ನ್ಯಾಯವೆಂದರೆ ಎಷ್ಟು ರೂಪಾಯಿ ಎಂದು ಮಾತ್ರ ಹೇಳುವುದಿಲ್ಲ.

ವೈ-ಫೈಯ ಕಥೆ ಇನ್ನೂ ಸೊಗಸು. ಆಸ್ಟ್ರೇಲಿಯಾದ ಜಾನ್ ಓಸಲಿವನ್ 1970ರ ದಶಕದಲ್ಲಿ ಹುಡುಕುತ್ತಿದ್ದುದು ಸಿಡಿಯುವ ಪುಟ್ಟ ಕಪ್ಪುಕುಳಿಗಳ ರೇಡಿಯೋ ಮಿಡಿತವನ್ನು. ಅದು ಸಿಗಲಿಲ್ಲ. ಕದಡಿದ ಸಂಕೇತವನ್ನು ತಿಳಿಗೊಳಿಸುವ ಆ ಗಣಿತ ಮಾತ್ರ, ಮನೆಯೊಳಗೆ ಗೋಡೆಗೆ ಬಡಿದು ತಡವಾಗಿ ಬರುವ ಅಲೆಗಳನ್ನು ಪಳಗಿಸಲು ಒದಗಿತು. 1996ರಲ್ಲಿ ಅವರ ಸಂಸ್ಥೆಯಾದ, ಆಸ್ಟ್ರೇಲಿಯಾ ಸರಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೋ ವಿರುದ್ಧ 2014ರಲ್ಲಿ 1.6 ಕೋಟಿ ಡಾಲರ್ ಪರಿಹಾರವೂ ಸಿಕ್ಕಿತು. ಮರುವರ್ಷವೇ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿ, ಮಾನದಂಡಕ್ಕೆ ಸೇರಿದ್ದರಿಂದ ಬಂದ ಬೆಲೆಯನ್ನು ಕಳೆದು ಮತ್ತೆ ಲೆಕ್ಕಹಾಕಿ ಎಂದಿತು. ಅದಕ್ಕೂ ಮೊದಲು, 2013ರಲ್ಲಿ, ಮೈಕ್ರೋಸಾಫ್ಟಿನ ಆಟದ ಪೆಟ್ಟಿಗೆ ಎಕ್ಸ್‌ಬಾಕ್ಸ್‌ನ ಬೆಲೆಯಲ್ಲಿ ಶೇ. 2.25 ಕೇಳಿದ್ದ ಮೊಟೊರೊಲಾಗೆ ಸಿಯಾಟಲ್‌ನ ನ್ಯಾಯಾಧೀಶ ಜೇಮ್ಸ್ ರೊಬಾರ್ಟ್ ವೈ-ಫೈ ಲೆಕ್ಕದಲ್ಲಿ ಕೊಡಿಸಿದ್ದು ಪೆಟ್ಟಿಗೆಯೊಂದಕ್ಕೆ 3.471 ಸೆಂಟ್!

ನಮ್ಮಲ್ಲಿ ಲೆಕ್ಕ ಬೇರೆ. 2024ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟು ನಮ್ಮ ದೇಶದ ಫೋನು ಕಂಪೆನಿ ಲಾವಾ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂದಿತು. ರಾಯಲ್ಟಿ ಲೆಕ್ಕಹಾಕಿದ್ದು ರೇಡಿಯೋ ಕೆಲಸದ ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ. ಒಳ್ಳೆಯ ಕ್ಯಾಮೆರಾ ಬೇಕೆಂದು ನೀವು ಹೆಚ್ಚು ಕೊಟ್ಟ ದುಡ್ಡಿನಲ್ಲೂ ರೇಡಿಯೋ ಪೇಟೆಂಟಿನವರಿಗೆ ಪಾಲು. ನನಗಂತೂ ಈ ತರ್ಕ ಒಗ್ಗುವುದಿಲ್ಲ.