ಎಚ್‌-4 ಮಗನಿಗೆ ಕಮ್ಯುನಿಟಿ ಕಾಲೇಜು: ಅರ್ಜಿ ಹೇಗೆ, ಫೀಸು ಎಷ್ಟು?

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಹನ್ನೆರಡನೇ ತರಗತಿಯಲ್ಲಿದ್ದಾನೆ. ನಾವು ಎಚ್‌-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದು ಎಂಟು ವರ್ಷವಾಯಿತು, ಅವನದು ಅದರ ಅವಲಂಬಿತರಿಗೆ ಸಿಗುವ ಎಚ್‌-4. ಯೂಸಿಯ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಖರ್ಚು ನೋಡಿ ಕೈಕಾಲೇ ಆಡುತ್ತಿಲ್ಲ. ಎರಡು ವರ್ಷ ಕಮ್ಯುನಿಟಿ ಕಾಲೇಜಿಗೆ ಹಾಕೋಣವೆಂದರೆ ಊರಿನಲ್ಲಿ ‘ಯಾಕೆ, ಸೀಟು ಸಿಗಲಿಲ್ವಾ?’ ಅಂತಾರೆ. ಅರ್ಜಿ ಹೇಗೆ ಹಾಕುವುದು? ಫೀಸಿಗೆ ನೆರವು ಸಿಗುತ್ತದೆಯೇ?

ಉತ್ತರ: ಊರಿನವರದ್ದು ಮೊದಲು ಮುಗಿಸೋಣ. ನಮ್ಮಲ್ಲಿ ಡಿಪ್ಲೊಮಾ ಮಾಡಿ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಸೇರುವವರಿಲ್ಲವೇ? ಹೆಚ್ಚುಕಡಿಮೆ ಅದೇ ದಾರಿ ಇದು, ಇಲ್ಲಿ ಎರಡು ವರ್ಷ ಓದಿ ಯೂಸಿಗೆ ಸೇರುವುದು ಮೂರನೇ ವರ್ಷಕ್ಕೆ ಅಷ್ಟೆ. ಯೂಸಿಯ ಡೇವಿಸ್ ಕ್ಯಾಂಪಸ್ಸಿನಲ್ಲಿ ಮುಗಿಸಿದವನಿಗೆ ಡೇವಿಸ್‌ನದೇ ಪದವಿ.

ಅರ್ಜಿ ಸುಲಭ. ರಾಜ್ಯದ 116 ಕಮ್ಯುನಿಟಿ ಕಾಲೇಜುಗಳಿಗೂ ಸಿಸಿಸಿ ಅಪ್ಲೈ ಎಂಬ ಒಂದೇ ಜಾಲತಾಣ, ಶುಲ್ಕವಿಲ್ಲ. ಹೈಸ್ಕೂಲ್ ಡಿಪ್ಲೊಮಾ ಇದ್ದರೆ ಪ್ರವೇಶ ಸಿಕ್ಕಂತೆಯೇ. ಎಸ್‌ಎಟಿ ಪ್ರವೇಶ ಪರೀಕ್ಷೆ ಬೇಡ, ಪ್ರಬಂಧ ಬೇಡ. ನರ್ಸಿಂಗ್‌ನಂಥ ಕೆಲವು ಕೋರ್ಸುಗಳಿಗೆ ಮಾತ್ರ ಬೇರೆ ಸರದಿ. ನೆರವಿನ ಹಣಕ್ಕಾಗಿ ಸುಳ್ಳು ಅರ್ಜಿ ಹಾಕುವವರ ಕಾಟ ಈಚೆಗೆ ಹೆಚ್ಚಿರುವುದರಿಂದ ಗುರುತಿನ ಪರಿಶೀಲನೆಗೆ ಇಮೇಲ್ ಬರಬಹುದು. ಸ್ಪ್ಯಾಮ್ ಡಬ್ಬಿಯನ್ನೂ ಒಮ್ಮೆ ನೋಡಲು ಮಗನಿಗೆ ಹೇಳಿ.

ಆ ಅರ್ಜಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ತುಂಬಬೇಕಾದದ್ದು ನಿವಾಸದ ಪುಟ. ವೀಸಾ ಯಾವುದು, ಕ್ಯಾಲಿಫೋರ್ನಿಯಾಕ್ಕೆ ಬಂದದ್ದು ಯಾವಾಗ ಎಂದು ಅಲ್ಲಿ ಕೇಳುತ್ತಾರೆ. ‘ವೀಸಾ ಇದೆ, ಅಂದಮೇಲೆ ನಾವು ಹೊರಗಿನವರು’ ಎಂದು ತಾವೇ ತೀರ್ಮಾನಿಸಿಕೊಂಡು ಹಲವು ಪಟ್ಟು ಹೆಚ್ಚು ಫೀಸು ಕಟ್ಟಬೇಡಿ. ಎಫ್‌-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಇಲ್ಲದ ಅನುಕೂಲವೊಂದು ಎಚ್‌-4ಗೆ ಇದೆ: ತರಗತಿ ಶುರುವಾಗುವುದಕ್ಕೆ ಒಂದು ವರ್ಷ ಒಂದು ದಿನ ಮೊದಲಿಂದ ಇಲ್ಲೇ ನೆಲೆಸಿ, ಇಲ್ಲೇ ಇರುವ ಉದ್ದೇಶವನ್ನೂ ತೋರಿಸಿದರೆ ಅವರನ್ನು ರಾಜ್ಯದ ನಿವಾಸಿಗಳೆಂದು ಒಪ್ಪುತ್ತಾರೆ. ನಿಮ್ಮ ರಾಜ್ಯ ತೆರಿಗೆಯ ರಿಟರ್ನ್, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಒಂದು ಫೈಲಿನಲ್ಲಿ ಸಿದ್ಧವಿರಲಿ.

ನಿವಾಸಿಗೆ ಫೀಸು ಯೂನಿಟ್‌ಗೆ (ಕೋರ್ಸು ಅಳೆಯುವ ಲೆಕ್ಕ) 46 ಡಾಲರ್, 2012ರಿಂದ ಇದೇ ದರ. ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್. ಯೂಸಿಯಲ್ಲಿ ವರ್ಷದ ಬೋಧನಾ ಶುಲ್ಕವೇ 14 ಸಾವಿರ ದಾಟಿದೆ, ಹಾಸ್ಟೆಲ್ಲು ಊಟ ಬೇರೆ. ಇಲ್ಲಿ ಮಗ ಮನೆಯಲ್ಲೇ ಉಂಡು ಓಲೋನಿ ಕಾಲೇಜಿಗೆ ಹೋಗಿ ಬರುತ್ತಾನೆ. ಆರೋಗ್ಯ ಶುಲ್ಕ, ಪಾರ್ಕಿಂಗ್, ಪುಸ್ತಕ ಇದ್ದೇ ಇವೆ. ಪಠ್ಯಪುಸ್ತಕಕ್ಕೆ ದುಡ್ಡೇ ಬೇಡದ ತರಗತಿಗಳನ್ನು ವೇಳಾಪಟ್ಟಿಯಲ್ಲಿ ಗುರುತು ಹಾಕಿರುತ್ತಾರೆ, ಅವನ್ನು ಹುಡುಕಿಕೊಳ್ಳಿ.

ನೆರವಿನ ವಿಷಯಕ್ಕೆ ಬಂದರೆ, ಫಾಫ್ಸಾ ಎಂಬ ಕೇಂದ್ರ ಸರ್ಕಾರದ ನೆರವಿನ ಅರ್ಜಿ ಎಚ್‌-4 ಮಕ್ಕಳಿಗಲ್ಲ. ರಾಜ್ಯದ ನೆರವಿಗೆ ಡ್ರೀಮ್ ಆ್ಯಕ್ಟ್ ಅರ್ಜಿ ಹಾಕಿ ಎಂದು ಯಾರಾದರೂ ಹೇಳಿಯಾರು. ಅದರ ಹಿಂದಿರುವ ಎಬಿ 540 ಕಾನೂನು ಎಚ್‌-4ರಂಥ ವೀಸಾದವರನ್ನು ಹೊರಗಿಟ್ಟಿದೆ. ಹಾಗಾಗಿ 1,380 ಡಾಲರನ್ನು ನಿಮ್ಮ ಜೇಬಿನಿಂದಲೇ ಕಟ್ಟುವುದೆಂದು ಲೆಕ್ಕ ಹಾಕಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ. ಅವರು ಸಂಬಳ ಜಾಸ್ತಿ ಎಂದು ಫಾಫ್ಸಾ ಬಿಡಬಾರದು. 2025–26ಕ್ಕೆ ಗರಿಷ್ಠ 7,395 ಡಾಲರ್ ಇದ್ದ, ಕಡಿಮೆ ಆದಾಯದವರಿಗೆ ಕೇಂದ್ರ ಕೊಡುವ ಪೆಲ್ ಗ್ರಾಂಟ್ ಅವರಿಗೆ ಬರಲಿಕ್ಕಿಲ್ಲ, ನಿಜ. ಆದರೆ ಮೊದಲ ಸಲ ಕಾಲೇಜು ಸೇರಿ ಟರ್ಮಿಗೆ 12 ಯೂನಿಟ್ ಓದುವವರಿಗೆ ಅನೇಕ ಕಾಲೇಜುಗಳು ಆದಾಯ ನೋಡದೆ ಎರಡು ವರ್ಷದ ಫೀಸು ಮನ್ನಾ ಮಾಡುತ್ತವೆ. ಫಾಫ್ಸಾ ತುಂಬಿರಬೇಕೆಂಬುದು ಅದಕ್ಕೊಂದು ಷರತ್ತು.

ಫೀಸು ಅಗ್ಗ ಸರಿ, ತಪ್ಪು ಕೋರ್ಸು ತೆಗೆದುಕೊಂಡರೆ ಅದೇ ದುಬಾರಿ. ಕೌನ್ಸೆಲರ್ ಸಿಗಲಿಲ್ಲವೆಂದು ಗೆಳೆಯ ತೆಗೆದುಕೊಂಡದ್ದನ್ನೇ ತಾನೂ ತೆಗೆದುಕೊಂಡ ಹುಡುಗ ಮೂರನೇ ವರ್ಷವೂ ಅಲ್ಲೇ ಕೂರಬೇಕಾಗುತ್ತದೆ. ಯಾವ ಕೋರ್ಸು ಯಾವ ಯೂಸಿಯಲ್ಲಿ ಯಾವುದಕ್ಕೆ ಸಮ ಎಂಬುದು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿದೆ. ಮೊದಲ ಟರ್ಮಿಗೆ ಮುಂಚೆಯೇ ಅಪ್ಪ–ಮಗ ಪಕ್ಕಪಕ್ಕ ಕೂತು ನೋಡಿ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಈ ಆರು ಯೂಸಿಗಳು ‘ಟ್ಯಾಗ್’ ಎಂಬ ಪ್ರವೇಶದ ಖಾತರಿ ಕೊಡುತ್ತವೆ. ಸೇರುವ ವರ್ಷದ ಹಿಂದಿನ ಸೆಪ್ಟೆಂಬರ್‌ನಲ್ಲಿ ಒಂದೇ ಒಂದು ಕ್ಯಾಂಪಸ್ಸಿಗೆ ಅರ್ಜಿ ಹಾಕಬಹುದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಈ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿದ್ದೂ ಸಾಂಟಾ ಬಾರ್ಬರಾದ ಎಂಜಿನಿಯರಿಂಗ್‌ಗೆ ಟ್ಯಾಗ್ ನಡೆಯದು.

ನೀವು ಕೇಳದ ಒಂದು ವಿಷಯವನ್ನು ನಾನೇ ಎತ್ತುತ್ತೇನೆ, ಏಕೆಂದರೆ ದೊಡ್ಡ ದುಡ್ಡು ಇರುವುದು ಅಲ್ಲಿ. 21 ತುಂಬಿದ ದಿನ ಎಚ್‌-4 ಮುಗಿಯುತ್ತದೆ. ಎರಡು ವರ್ಷ ಇಲ್ಲಿ ಓದಿ ಯೂಸಿಗೆ ಹೋದ ಮಗನಿಗೆ ಬಹುಶಃ ಅಲ್ಲಿಯ ಮೊದಲ ವರ್ಷದಲ್ಲೇ 21 ಆಗುತ್ತದೆ. ಆಗ ಎಫ್‌-1ಕ್ಕೆ ಬದಲಾದರೆ ನಿವಾಸಿಯ ದರ ಕೈತಪ್ಪುವ ಭಯವಿದೆ, ಹೊರಗಿನವರಿಗೆ ಯೂಸಿ ಹೇರುವ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30 ಸಾವಿರ ಡಾಲರಿನ ಮೇಲೆ. ಗ್ರೀನ್ ಕಾರ್ಡ್ ಅರ್ಜಿ ಎಲ್ಲಿಗೆ ಬಂದಿದೆ, ಮಗನ ವಯಸ್ಸನ್ನು ಕಾನೂನು ಹೇಗೆ ಲೆಕ್ಕ ಹಿಡಿಯುತ್ತದೆ ಎಂದು ವಲಸೆ ವಕೀಲರನ್ನು ಕಾಲೇಜು ಶುರುವಾಗುವ ಮುಂಚೆಯೇ ಕೇಳಿ. ಹೋಗುವಾಗ ಮಗನ ಜನನ ಪ್ರಮಾಣಪತ್ರ, ನಿಮ್ಮ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಸಲ್ಲಿಸುವ ಮನವಿ) ಮಂಜೂರಾತಿ ಪತ್ರ ಎರಡೂ ಕೈಯಲ್ಲಿರಲಿ.