ಗೂಡಿಲ್ಲದ ಕಡಜ: ವಾಸ್ಪ್ಸ್ ರಗ್ಬಿ ಕ್ಲಬ್ ಕಥೆ, ಮೊದಲಿಂದ

ವಾಸ್ಪ್ಸ್ ಯಾವ ಊರಿನ ಟೀಮು ಅಂತ ಕೇಳಿದ್ರೆ ಬರೋ ಉತ್ತರ, ಹೇಳೋರ ವಯಸ್ಸಿನ ಮೇಲಿದೆ. ಅರವತ್ತು ದಾಟಿದವರು ಸಡ್ಬರಿ ಅಂತಾರೆ, ನಲವತ್ತರ ಆಸುಪಾಸಿನವರು ಹೈ ವಿಕಮ್ ಅಂತಾರೆ, ಇಪ್ಪತ್ತರ ಹುಡುಗರಿಗೆ ಅದು ಕೋವೆಂಟ್ರಿ ಟೀಮು, ಇನ್ನು ಈಗ ಕ್ಲಬ್ ಯಾರ ಕೈಯಲ್ಲಿದೆಯೋ ಅವರು ಕೆಂಟ್ ಅಂತಿದ್ದಾರೆ, ಆದ್ರೆ ಅಲ್ಲಿನ ಸ್ಟೇಡಿಯಂ ಪ್ಲಾನ್ ಹಾಳೆ ಮೇಲಿದೆ ಅಷ್ಟೇ. 6 ಸಲ ಇಂಗ್ಲೆಂಡ್ ಚಾಂಪಿಯನ್, 2 ಸಲ ಯುರೋಪ್ ಚಾಂಪಿಯನ್ ಆಗಿದ್ದ ಕ್ಲಬ್ಬಿನ ವೃತ್ತಿಪರ ಟೀಮು 2022ರ ಅಕ್ಟೋಬರ್ ಆದ್ಮೇಲೆ ಮೈದಾನಕ್ಕೇ ಇಳಿದಿಲ್ಲ. ಸಾಲ, ಬಾಂಡು, ಅಡ್ಮಿನಿಸ್ಟ್ರೇಷನ್ನು, ಲೈಸೆನ್ಸು ಅಂತ ಬಿಡಿ ಬಿಡಿಯಾಗಿ ಸುದ್ದಿ ಓದಿದವರಿಗೆ ತಲೆಬುಡ ಅರ್ಥ ಆಗಲ್ಲ, ಅದಕ್ಕೇ ಮೊದಲಿಂದ ಹೇಳ್ತೀನಿ.

ಶುರುವಾಗಿದ್ದೇ ಒಂದು ಜಗಳದಿಂದ. ಉತ್ತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಅನ್ನೋ ಕ್ಲಬ್ಬಲ್ಲಿ ಒಡಕು ಬಂದು, ಒಂದು ಗುಂಪು ಹಾರ್ಲಿಕ್ವಿನ್ಸ್ ಆಯ್ತು, ಇನ್ನೊಂದು 1867ರಲ್ಲಿ ವಾಸ್ಪ್ಸ್ ಅಂತ ಹೆಸರಿಟ್ಕೊಳ್ತು. ವಾಸ್ಪ್ ಅಂದ್ರೆ ಕಡಜ, ಆ ಕಾಲದಲ್ಲಿ ಕ್ಲಬ್ಬಿಗೆ ಹುಳು ಹಕ್ಕಿ ಪ್ರಾಣಿ ಹೆಸರು ಇಡೋದು ಒಂದು ಫ್ಯಾಷನ್ನು, ಜೆರ್ಸಿ ಬಣ್ಣ ಕಪ್ಪು ಹಳದಿ. 1871ರ ಜನವರಿ 26ಕ್ಕೆ ಲಂಡನ್ನಿನ ಪಾಲ್ ಮಾಲ್ ರೆಸ್ಟೋರೆಂಟಲ್ಲಿ 21 ಕ್ಲಬ್ ಸೇರಿ ಇಂಗ್ಲೆಂಡಿನ ರಗ್ಬಿ ನಡೆಸೋ ಸಂಸ್ಥೆಯಾದ ರಗ್ಬಿ ಫುಟ್‌ಬಾಲ್ ಯೂನಿಯನ್ ಕಟ್ಟಿದ್ವು, ಆ ಪಟ್ಟಿಯಲ್ಲಿ ವಾಸ್ಪ್ಸ್ ಇಲ್ಲ. ಯಾಕಿಲ್ಲ ಅಂದ್ರೆ ಕಳಿಸಿದ ಪ್ರತಿನಿಧಿ ತಪ್ಪು ದಿನ, ತಪ್ಪು ಟೈಮಿಗೆ, ತಪ್ಪು ಪಬ್ಬಿಗೆ ಹೋಗಿದ್ದನಂತೆ. ಒಳಗೆ ಹೋದವನು ಕುಡಿದು ಕೂತುಬಿಟ್ಟ, ಎದ್ದು ಸರಿಯಾದ ಜಾಗಕ್ಕೆ ಹೋಗೋ ಸ್ಥಿತಿಯಲ್ಲಿ ಇರ್ಲಿಲ್ಲ ಅಂತಾನೂ ಹೇಳ್ತಾರೆ. ದಂತಕಥೆ ಅಂತಾನೇ ಇಟ್ಕೊಳ್ಳಿ, ಆದ್ರೆ ಕ್ಲಬ್ಬಿನವರೇ ನಗ್ತಾ ಹೇಳ್ಕೊಳ್ಳೋ ಕಥೆ ಇದು.

1923ರಲ್ಲಿ ವಾಯವ್ಯ ಲಂಡನ್ನಿನ ಸಡ್ಬರಿಗೆ ಬಂದ್ರು, ಆಮೇಲೆ ಆ ಮೈದಾನ ಕ್ಲಬ್ಬಿನ ಸ್ವಂತದ್ದೇ ಆಯ್ತು. ಮುಂದಿನ 70 ವರ್ಷ ಒಂದೇ ಸಾಲಲ್ಲಿ ಹೇಳಬಹುದು: ಶನಿವಾರ ಮ್ಯಾಚು, ಆಮೇಲೆ ಬಿಯರು, ಸೋಮವಾರ ಎಲ್ಲರೂ ತಂತಮ್ಮ ಕೆಲಸಕ್ಕೆ. 1990ರಲ್ಲಿ ಲೀಗ್ ಗೆದ್ದಾಗಲೂ ಆಟಗಾರರಿಗೆ ಸಂಬಳ ಇರ್ಲಿಲ್ಲ, ರಗ್ಬಿ ಯೂನಿಯನ್ ಅನ್ನೋ ಈ ಬಗೆಯ ರಗ್ಬಿಯಲ್ಲಿ ದುಡ್ಡು ತಗೊಂಡು ಆಡೋದೇ ನಿಯಮಕ್ಕೆ ವಿರುದ್ಧ.

1995ರ ಆಗಸ್ಟಲ್ಲಿ ಆ ನಿಯಮ ಹೋಯ್ತು. ಒಂದೇ ಏಟಿಗೆ. ಮರುದಿನದಿಂದ ಆಟಗಾರ ಅಂದ್ರೆ ನೌಕರ, ಕ್ಲಬ್ ಅಂದ್ರೆ ಕಂಪನಿ, ಆದ್ರೆ ಗೇಟ್ ಕಲೆಕ್ಷನ್ ಮಾತ್ರ ಮೊದಲಿನಷ್ಟೇ. ಹೆಸರಾಂತ ಆಟಗಾರ ರಾಬ್ ಆಂಡ್ರೂ ನ್ಯೂಕಾಸಲ್‌ಗೆ ಹೊರಟುಹೋದ, ಜೊತೆಗೆ ಕ್ಯಾಪ್ಟನ್ ಆಗಿದ್ದ ಡೀನ್ ರಯಾನ್ ಸೇರಿ ಇನ್ನೂ ಕೆಲವರು ಹೋದ್ರು, ಆ ಗಲಾಟೆಯಲ್ಲಿ ಕ್ಯಾಪ್ಟನ್ ಪಟ್ಟ ಲಾರೆನ್ಸ್ ಡಲಾಲಿಯೋ ಅನ್ನೋ ಹುಡುಗನ ತಲೆ ಮೇಲೆ ಬಂತು. ದುಡ್ಡು ಬೇಕಲ್ಲ, 1996ರಲ್ಲಿ ಮ್ಯೂಸಿಕ್ ಕಂಪನಿಯ ಕ್ರಿಸ್ ರೈಟ್ ಫುಟ್‌ಬಾಲಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆಗೆ ವಾಸ್ಪ್ಸನ್ನೂ ಒಂದೇ ಕಂಪನಿ ಕೆಳಗೆ ತಂದು, ಇಬ್ಬರಿಗೂ ಲಾಫ್ಟಸ್ ರೋಡ್ ಸ್ಟೇಡಿಯಂ ಅಂತ ಮಾಡಿದ. ಮೊದಲನೇ ವರ್ಷವೇ ವಾಸ್ಪ್ಸ್ ಚಾಂಪಿಯನ್, ವೃತ್ತಿಪರ ಯುಗದ ಮೊದಲ ಇಂಗ್ಲಿಷ್ ಚಾಂಪಿಯನ್. ಸಡ್ಬರಿ ಮೈದಾನ ಮಾರಾಟ ಆಗಿ ಅಲ್ಲಿ ಮನೆಗಳು ಬಂದ್ವು. ಆಗ ಯಾರಿಗೂ ಇದು ದೊಡ್ಡ ವಿಷಯ ಅನ್ನಿಸ್ಲಿಲ್ಲ, ಗೆಲ್ತಾ ಇದ್ರಲ್ಲ. ಆದ್ರೆ ಇವತ್ತು ಹಿಂದೆ ತಿರುಗಿ ನೋಡಿದ್ರೆ ನನ್ನ ಕಣ್ಣು ಪ್ರತಿ ಸಲ ಹೋಗಿ ನಿಲ್ಲೋದು ಅಲ್ಲೇ. ಸ್ವಂತ ಮನೆ ಮಾರಿ ಬಾಡಿಗೆಗೆ ಹೋದವರಿಗೆ ಗೊತ್ತಿರುತ್ತೆ, ಓನರ್ ಯಾವಾಗ ಬಂದು ಖಾಲಿ ಮಾಡಿ ಅಂತಾನೋ ಅನ್ನೋ ದಿಗಿಲು.

ಅದೇ ಆಯ್ತು. ಕ್ವೀನ್ಸ್ ಪಾರ್ಕ್ ರೇಂಜರ್ಸ್ 2001ರಲ್ಲಿ ದಿವಾಳಿ ಅಂಚಿಗೆ ಹೋಯ್ತು, ಇತ್ತ ಫುಲಮ್ ಫುಟ್‌ಬಾಲ್ ಕ್ಲಬ್ಬಿಗೆ ತಾತ್ಕಾಲಿಕ ಜಾಗ ಬೇಕಿತ್ತು, 2002ರಲ್ಲಿ ವಾಸ್ಪ್ಸ್ ಎತ್ತಂಗಡಿ. ಹೋಗಿದ್ದು ಹೈ ವಿಕಮ್‌ನ ಆಡಮ್ಸ್ ಪಾರ್ಕಿಗೆ, ಇಂಡಸ್ಟ್ರಿಯಲ್ ಏರಿಯಾದ ತುದಿಯಲ್ಲಿ, ಹೋಗಕ್ಕೆ ಬರಕ್ಕೆ ಒಂದೇ ರೋಡು, ಹಿಡಿಸೋದು ಸುಮಾರು 10 ಸಾವಿರ ಜನ. ಅದೂ ವಿಕಮ್ ವಾಂಡರರ್ಸ್ ಫುಟ್‌ಬಾಲ್ ಕ್ಲಬ್ಬಿನದ್ದು. ಹೆಸರು ಮಾತ್ರ 1999ರಿಂದ ಲಂಡನ್ ವಾಸ್ಪ್ಸ್!

ವಿಚಿತ್ರ ಅಂದ್ರೆ ಆಟದ ಲೆಕ್ಕದಲ್ಲಿ ಅದೇ ಚಿನ್ನದ ಕಾಲ. 2005ರ ತನಕ ಕೋಚ್ ವಾರೆನ್ ಗ್ಯಾಟ್‌ಲ್ಯಾಂಡ್, ಆಮೇಲೆ ಇಯಾನ್ ಮೆಗೀಚನ್, ಡಿಫೆನ್ಸಿಗೆ ಶಾನ್ ಎಡ್ವರ್ಡ್ಸ್. 2003, 2004, 2005, ಆಮೇಲೆ 2008, ನಾಲ್ಕು ಸಲ ಪ್ರೀಮಿಯರ್‌ಶಿಪ್, ಅಂದ್ರೆ ಇಂಗ್ಲೆಂಡಿನ ಮೊದಲ ದರ್ಜೆ ಲೀಗ್, ಗೆದ್ರು, ನಾಲ್ಕೂ ಸಲ ಲೀಗ್ ಪಟ್ಟಿಯಲ್ಲಿ ಮೇಲಿದ್ದಿದ್ದು ಬೇರೆಯವರು, ಲೀಗ್ ಮುಗಿದ್ಮೇಲೆ ಮೇಲಿನ ಟೀಮುಗಳು ಆಡೋ ಪ್ಲೇಆಫ್‌ಗೆ ಬಂದು ಕಪ್ ಕಿತ್ಕೊಂಡು ಹೋಗೋದು ಇವರ ಕಸುಬು. 2004ರ ಯುರೋಪ್ ಫೈನಲ್ ನೋಡಿದವರು ಮರೆಯಲ್ಲ. ಫ್ರಾನ್ಸಿನ ಟುಲೂಸ್ ಎದುರು 20-20, ಎಕ್ಸ್‌ಟ್ರಾ ಟೈಮೇ ಗತಿ ಅನ್ನೋವಾಗ ವಾಸ್ಪ್ಸಿನ ರಾಬ್ ಹೌಲಿ ಚೆಂಡನ್ನ ನೆಲದ ಮೇಲೆ ಉರುಳೋ ಹಾಗೆ ಒದ್ದ, ಎಲ್ಲರಿಗಿಂತ ಹಿಂದೆ ಕಾಯೋ ಟುಲೂಸ್ ಫುಲ್‌ಬ್ಯಾಕು ಅದು ಗೆರೆ ದಾಟಿ ಆಚೆ ಹೋಗ್ಲಿ ಅಂತ ಒಂದು ಗಳಿಗೆ ಕಾದ, ಆ ಒಂದು ಗಳಿಗೆಯಲ್ಲಿ ಹೌಲಿ ಹಿಂದಿಂದ ಓಡಿ ಬಂದು ಚೆಂಡಿನ ಮೇಲೆ ಬಿದ್ದ. ಎದುರಾಳಿ ಗೆರೆ ಆಚೆ ಹೀಗೆ ಚೆಂಡನ್ನ ನೆಲಕ್ಕೆ ಒತ್ತಿ ಅಂಕ ತಗೊಳ್ಳೋದಕ್ಕೇ ಟ್ರೈ ಅನ್ನೋದು. 27-20. 2007ರಲ್ಲಿ ಲೆಸ್ಟರನ್ನ 25-9ರಿಂದ ಹೊಡೆದು ಇನ್ನೊಂದು ಕಪ್ಪು. ಆ ಸಲದ ಸೆಮಿಫೈನಲ್ ಎಲ್ಲಿ ಆಡಿದ್ದು ಗೊತ್ತಾ, ಕೋವೆಂಟ್ರಿಯ ರಿಕೋ ಅರೀನಾದಲ್ಲಿ. ಆಗ ಅತಿಥಿಗಳಾಗಿ ಬಂದು ಹೋಗಿದ್ರು.

2008ರ ಫೈನಲ್ ಡಲಾಲಿಯೋನ ಕೊನೇ ಮ್ಯಾಚು. ಅಲ್ಲಿಂದ ಇಳಿಜಾರು. ಬೂಕರ್ ಏರ್‌ಫೀಲ್ಡ್ ಹತ್ರ ಹೊಸ ಸ್ಟೇಡಿಯಂ ಕಟ್ಟೋ ಯೋಜನೆಯನ್ನ ಸ್ಥಳೀಯ ಕೌನ್ಸಿಲ್ 2011ರಲ್ಲಿ ಕೈಬಿಟ್ತು. ಗಾಯ ಆಗಿ ಆಟ ಬಿಟ್ಟವರ ಸಾಲು ಬೇರೆ, ಟಾಮ್ ರೀಸ್ 27ನೇ ವಯಸ್ಸಿಗೇ ನಿವೃತ್ತಿ ತಗೊಂಡು ಡಾಕ್ಟರ್ ಓದಕ್ಕೆ ಹೋದ. 2012ರ ಮೇ ತಿಂಗಳ ಕೊನೇ ಮ್ಯಾಚಲ್ಲಿ ನ್ಯೂಕಾಸಲ್ ಎದುರು 10-14ರಿಂದ ಸೋತ್ರು, ದೊಡ್ಡ ಅಂತರದಲ್ಲಿ ಸೋಲದೇ ಇದ್ದಿದ್ದಕ್ಕೆ ಕೆಳಗಿನ ಡಿವಿಷನ್ನಿಗೆ ಬೀಳೋದು ತಪ್ತು. ಕ್ಲಬ್ಬು ಮುಚ್ಚೋ ಹಂತಕ್ಕೆ ಬಂದು ಕೈ ಬದಲಾಯ್ತು, 2013ರಲ್ಲಿ ಐರಿಷ್ ಉದ್ಯಮಿ ಡೆರೆಕ್ ರಿಚರ್ಡ್‌ಸನ್ ಕೈಗೆ ಬಂತು. ನಿಜ ಹೇಳ್ಬೇಕು ಅಂದ್ರೆ ಆ ಹೊತ್ತಲ್ಲಿ ಯಾರೂ ಮುಂದೆ ಬರ್ದೇ ಇದ್ದಿದ್ರೆ ಕಥೆ ಅಲ್ಲೇ ಮುಗೀತಿತ್ತು.

ಈಗ ಕೋವೆಂಟ್ರಿ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಎಲ್ಲರಿಗೂ ಗೊಂದಲ ಆಗೋದು ಇಲ್ಲೇ.

ನಮ್ಮವರಿಗೆ ಕೋವೆಂಟ್ರಿ ಅಂದ್ರೆ ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ಊರು, ಎಷ್ಟೋ ಜನ ಪ್ರಾಜೆಕ್ಟ್ ಮೇಲೆ ಹೋಗಿ ಬಂದಿರ್ತಾರೆ. ಊರಿನ ಉತ್ತರಕ್ಕೆ ಹಳೇ ಗ್ಯಾಸ್ ಕಾರ್ಖಾನೆ ಜಾಗದಲ್ಲಿ 2005ರಲ್ಲಿ ರಿಕೋ ಅರೀನಾ ಎದ್ದಿತು, 32 ಸಾವಿರ ಸೀಟು, ಒಳಗೇ ಹೋಟೆಲ್ಲು, ಕ್ಯಾಸಿನೋ, ಎಕ್ಸಿಬಿಷನ್ ಹಾಲು. ಕಟ್ಟಿದ್ದೇ ಕೋವೆಂಟ್ರಿ ಸಿಟಿ ಫುಟ್‌ಬಾಲ್ ಕ್ಲಬ್ಬಿಗೋಸ್ಕರ, ಆದ್ರೆ ಅವರ ಹತ್ರ ದುಡ್ಡಿಲ್ಲದೆ ಪಾಲು ಕೈಬಿಟ್ಟು ಬಾಡಿಗೆದಾರರಾದ್ರು, ವರ್ಷಕ್ಕೆ 12 ಲಕ್ಷ ಪೌಂಡ್ ಬಾಡಿಗೆ. ಅರೀನಾ ನಡೆಸೋ ಕಂಪನಿಯಲ್ಲಿ ಅರ್ಧ ಸಿಟಿ ಕೌನ್ಸಿಲ್‌ದು, ಇನ್ನರ್ಧ ಒಂದು ಸ್ಥಳೀಯ ಚಾರಿಟಿದು. 2012ರಲ್ಲಿ ಬಾಡಿಗೆ ಜಗಳ ಹತ್ತಿಕೊಂಡು ಫುಟ್‌ಬಾಲ್ ಕ್ಲಬ್ಬು 2013ರಲ್ಲಿ ನಾರ್ಥ್ಯಾಂಪ್ಟನ್‌ಗೆ ಗುಳೆ ಹೋಯ್ತು, ಒಂದು ವರ್ಷ ಬಿಟ್ಟು ವಾಪಸ್ ಬಂತು. ಖಾಲಿ ಹೊಡೀತಿದ್ದ ಸ್ಟೇಡಿಯಂ, ಮನೆಯಿಲ್ಲದ ರಗ್ಬಿ ಕ್ಲಬ್ಬು. ಜಾತಕ ಕೂಡಿಬಂತು ಅನ್ನೋ ಹಾಗೆ 2014ರ ಕೊನೆಯಲ್ಲಿ ವಾಸ್ಪ್ಸ್ ಆ ಕಂಪನಿಯನ್ನೇ ಕೊಂಡ್ಕೊಳ್ತು, ಜೊತೆಗೆ 250 ವರ್ಷದ ಲೀಸು. ಬೆಂಗಳೂರಲ್ಲಿ 3 ವರ್ಷದ ಲೀಸಿಗೇ ನಾವು ಹತ್ತು ಸಲ ಯೋಚನೆ ಮಾಡ್ತೀವಿ.

ಅಭಿಮಾನಿಗಳಿಗೆ ಇದು ಸಿಡಿಲು. ವಿಕಮ್ಮಿಂದ ಕೋವೆಂಟ್ರಿ ನೂರು ಕಿಲೋಮೀಟರ್ ಮೇಲೆ. ಆ ಬೇಸಿಗೆಯಲ್ಲಿ ಹೆಸರಿಂದ "ಲಂಡನ್" ಸದ್ದಿಲ್ಲದೆ ಉದುರಿದಾಗಲೇ ಕೆಲವರಿಗೆ ವಾಸನೆ ಹೊಡೆದಿತ್ತು. ಅತ್ತ ಕೋವೆಂಟ್ರಿಯಲ್ಲಿ 1874ರಿಂದ ಒಂದು ರಗ್ಬಿ ಕ್ಲಬ್ ಇದೆ, 1973, 74ರಲ್ಲಿ ದೇಶದ ಕಪ್ ಗೆದ್ದ ಕ್ಲಬ್ಬು, ಅವರಿಗೆ ಇದು ಮನೆ ಮುಂದೆ ಸೂಪರ್ ಮಾರ್ಕೆಟ್ ಬಂದ ಹಾಗೆ. ಆದ್ರೂ 2014ರ ಡಿಸೆಂಬರ್ 21ಕ್ಕೆ ಮೊದಲ ಮ್ಯಾಚಿಗೆ ಬಂದಿದ್ದು 28,254 ಜನ! ಆಡಮ್ಸ್ ಪಾರ್ಕನ್ನ ಎರಡೂವರೆ ಸಲ ತುಂಬಿಸಬಹುದು. ಲಂಡನ್ ಐರಿಷ್ ಎದುರು 48-16. ಆ ದಿನ ಟೀಕೆ ಮಾಡೋರ ಬಾಯಿ ಮುಚ್ತು, ನಾನೂ ಅವತ್ತು ಇದು ಸರಿಹೋಗಬಹುದೇನೋ ಅಂತ ನಂಬಿದ್ದೆ. ಲೆಕ್ಕಾಚಾರ ಚೆನ್ನಾಗೇ ಇತ್ತು: ರಗ್ಬಿಯಿಂದ ನಷ್ಟ ಆದ್ರೂ ಹೋಟೆಲ್ಲು, ಎಕ್ಸಿಬಿಷನ್ನು, ಸಂಗೀತ ಕಾರ್ಯಕ್ರಮದಿಂದ ತುಂಬ್ಕೊಳ್ಳೋದು.

ಆದ್ರೆ ದುಡ್ಡು? 2015ರ ಮೇನಲ್ಲಿ ಬಾಂಡ್ ಬಿಟ್ರು, 3.5 ಕೋಟಿ ಪೌಂಡು, ಬಡ್ಡಿ 6.5 ಪರ್ಸೆಂಟು, ಅವಧಿ 7 ವರ್ಷ. ಬಾಂಡ್ ಅಂದ್ರೆ ನಮ್ಮಲ್ಲಿ ಬ್ಯಾಂಕಲ್ಲಿ ಎಫ್‌ಡಿ ಇಟ್ಟ ಹಾಗೆ ಅಂದ್ಕೊಳ್ಳಿ, ಆದ್ರೆ ಠೇವಣಿ ವಿಮೆ ಇಲ್ಲ, ಇರೋ ಧೈರ್ಯ ಅರೀನಾ ಅಡ ಇದೆ ಅನ್ನೋದೊಂದೇ. ಬ್ರಿಟನ್ನಿನ ಸೆಂಟ್ರಲ್ ಬ್ಯಾಂಕಿನ ಬಡ್ಡಿ ದರ ಆಗ ಅರ್ಧ ಪರ್ಸೆಂಟು, ಅಂಥ ಕಾಲದಲ್ಲಿ ಆರೂವರೆ ಅಂದ್ರೆ ಯಾರಿಗೆ ಬೇಡ, ಅಭಿಮಾನಿಗಳೂ ಹಾಕಿದ್ರು. ಕೌನ್ಸಿಲ್ಲಿನ ಹಳೇ ಸಾಲ ಇದರಲ್ಲೇ ತೀರಿಸಿದ್ರು. ಈ ಕಡೆ ವರ್ಷಕ್ಕೆ 22 ಲಕ್ಷ ಪೌಂಡಿಗೂ ಜಾಸ್ತಿ ಬರೀ ಬಡ್ಡಿಗೇ ಎತ್ತಿಡಬೇಕು, ಅಸಲು ಹಾಗೇ ಕೂತಿರುತ್ತೆ, 2022ರ ಮೇನಲ್ಲಿ ಒಟ್ಟಿಗೆ ಕಟ್ಟಬೇಕು. ಏಳು ವರ್ಷ ದೂರ ಇದೆ ಅಂತ ಅನ್ಸುತ್ತೆ, ಸಾಲ ತಗೊಂಡ ದಿನ ಎಲ್ಲರಿಗೂ ಹಂಗೇ ಅನ್ಸೋದು.

ಮೈದಾನದಲ್ಲಿ ಮಾತ್ರ ಜಾತ್ರೆ. ಕ್ರಿಶ್ಚಿಯನ್ ವೇಡ್ 2016ರಲ್ಲಿ ವೂಸ್ಟರ್ ಎದುರು ಒಂದೇ ಮ್ಯಾಚಲ್ಲಿ 6 ಟ್ರೈ ಹೊಡೆದ. ಆಸ್ಟ್ರೇಲಿಯಾದ ಕರ್ಟ್ಲಿ ಬೀಲ್ ಬಂದ, ಡ್ಯಾನಿ ಸಿಪ್ರಿಯಾನಿ ವಾಪಸ್ ಬಂದ, 2017ರಲ್ಲಿ ಲೀಗಲ್ಲಿ ಮೊದಲ ಸ್ಥಾನ, ಫೈನಲಲ್ಲಿ ಎಕ್ಸೆಟರ್ ಎದುರು ಎಕ್ಸ್‌ಟ್ರಾ ಟೈಮಲ್ಲಿ 20-23ರಿಂದ ಸೋಲು. ನಾಲ್ಕು ಸಲ ಪಟ್ಟಿಯಲ್ಲಿ ಮೇಲಿಲ್ಲದೇ ಇದ್ರೂ ಕಪ್ ಗೆದ್ದವರು, ಮೇಲಿದ್ದ ಈ ಸಲ ಸೋತ್ರು. ಅದೇ ಹೆಸರಲ್ಲಿ ಶುರು ಮಾಡಿದ ನೆಟ್‌ಬಾಲ್ ಟೀಮು 2017, 2018 ಎರಡೂ ವರ್ಷ ಚಾಂಪಿಯನ್. ಆದ್ರೆ ಮೊದಲ ದಿನದ 28 ಸಾವಿರ ದಿನಾ ಬರಲ್ಲವಲ್ಲ. ಫುಟ್‌ಬಾಲಿನವರ ಜೊತೆ ಕೋರ್ಟು ಕಚೇರಿ ಮುಗೀಲಿಲ್ಲ, 2019ರಲ್ಲಿ ಅವರು ಬರ್ಮಿಂಗ್‌ಹ್ಯಾಮ್‌ಗೆ ಹೋದ್ರು, ಸ್ವಂತ ಕಟ್ಟಡ ಇದ್ದೂ ದೊಡ್ಡ ಬಾಡಿಗೆದಾರ ಇಲ್ಲ. ಸಿವಿಸಿ ಅನ್ನೋ ಹೂಡಿಕೆ ಕಂಪನಿ ಇಡೀ ಲೀಗಿನ 27 ಪರ್ಸೆಂಟ್ ಪಾಲು ತಗೊಂಡು ಕ್ಲಬ್ಬುಗಳಿಗೆ ದುಡ್ಡು ಕೊಟ್ಟಾಗ ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಕೋವಿಡ್.

2020ರ ಅಕ್ಟೋಬರಲ್ಲಿ ಲಂಡನ್ನಿನ ಟ್ವಿಕನಮ್ ಸ್ಟೇಡಿಯಂ ಖಾಲಿ ಇದ್ದಾಗ, ಮಳೆಯಲ್ಲಿ, ಮತ್ತೆ ಎಕ್ಸೆಟರ್ ಎದುರು ಫೈನಲ್, 13-19. ಜನ ಇಲ್ಲ, ಹೋಟೆಲ್ ಇಲ್ಲ, ಎಕ್ಸಿಬಿಷನ್ ಇಲ್ಲ. ರಗ್ಬಿ ಬಿದ್ರೆ ಎತ್ತಕ್ಕೆ ಅಂತ ಇಟ್ಕೊಂಡಿದ್ದ ಊರುಗೋಲೇ ಮುರೀತು. ಸರ್ಕಾರ ಕೊಟ್ಟಿದ್ದೂ ಸಾಲವೇ.

2022ರ ಮೇ ಬಂತು, ಬಾಂಡ್ ದುಡ್ಡು ವಾಪಸ್ ಆಗ್ಲಿಲ್ಲ. ಹೊಸ ಸಾಲ ಎತ್ತಿ ಹಳೇದು ತೀರಿಸೋ ಮಾತುಕತೆ ನಡೀತಾನೇ ಇತ್ತು. ಆಗಸ್ಟಲ್ಲಿ ಕಾಮನ್‌ವೆಲ್ತ್ ಗೇಮ್ಸು, ನಮ್ಮ ಬಜರಂಗ್ ಪೂನಿಯಾ, ಸಾಕ್ಷಿ ಮಲಿಕ್, ವಿನೇಶ್ ಫೋಗಟ್ ಕುಸ್ತಿಯಲ್ಲಿ ಚಿನ್ನ ಗೆದ್ದಿದ್ದು ಇದೇ ಕಟ್ಟಡದಲ್ಲಿ. ನಾವು ಟಿವಿ ಮುಂದೆ ಕೂತು ಕುಣೀತಾ ಇದ್ದಾಗ ಆ ಮನೆ ಓನರ್ ಬಾಗಿಲಿಗೆ ಸಾಲ ಕೊಟ್ಟವರು ಬಂದಿದ್ರು. ಅದೇ ಗೇಮ್ಸಿನ ಸೆವೆನ್ಸ್ ರಗ್ಬಿಯಿಂದ ಹುಲ್ಲು ಕಿತ್ತುಹೋಗಿ, ಅಷ್ಟರಲ್ಲಿ ವಾಪಸ್ ಬಂದಿದ್ದ ಫುಟ್‌ಬಾಲಿನವರ ಮ್ಯಾಚುಗಳು ಮುಂದಕ್ಕೆ ಹೋದ್ವು. ಸೆಪ್ಟೆಂಬರಲ್ಲಿ ತೆರಿಗೆ ಇಲಾಖೆಗೆ ಸುಮಾರು 20 ಲಕ್ಷ ಪೌಂಡ್ ಬಾಕಿ ಅನ್ನೋದು ಹೊರಗೆ ಬಂತು, ಒಟ್ಟು ಸಾಲ 9 ಕೋಟಿ ಪೌಂಡ್ ದಾಟಿತ್ತು. ಅಕ್ಟೋಬರ್ 17ಕ್ಕೆ ಅಡ್ಮಿನಿಸ್ಟ್ರೇಷನ್, ಅಂದ್ರೆ ಸಾಲ ತೀರಿಸಕ್ಕಾಗದ ಕಂಪನಿಯನ್ನ ಹೊರಗಿನ ಆಡಳಿತಗಾರರ ಕೈಗೆ ಒಪ್ಪಿಸೋದು. ಆಟಗಾರರು, ಸಿಬ್ಬಂದಿ ಸೇರಿ 167 ಜನರ ಕೆಲಸ ಒಂದೇ ದಿನ ಹೋಯ್ತು. ನವೆಂಬರಲ್ಲಿ ಉದ್ಯಮಿ ಮೈಕ್ ಆಶ್ಲಿಯ ಫ್ರೇಸರ್ಸ್ ಗ್ರೂಪ್ ಅರೀನಾ ತಗೊಂಡಿದ್ದು 1.7 ಕೋಟಿಗೆ. ಅಡ ಇಟ್ಟಿದ್ದು 3.5 ಕೋಟಿಗೆ. ಬಾಂಡ್ ಹಾಕಿದವರ ಗತಿ ನೀವೇ ಲೆಕ್ಕ ಹಾಕಿ.

ಇಲ್ಲೊಂದು ನೆನಪಾಗುತ್ತೆ. ಕಲ್ಕತ್ತಾದಲ್ಲಿ ಬ್ರಿಟಿಷರದ್ದೊಂದು ರಗ್ಬಿ ಕ್ಲಬ್ ಇತ್ತು, 1878ರ ಹೊತ್ತಿಗೆ ಆಡೋರಿಲ್ಲದೆ ಮುಚ್ಚಿದ್ರು. ಬ್ಯಾಂಕಲ್ಲಿ ಉಳಿದಿದ್ದ 270 ಬೆಳ್ಳಿ ರೂಪಾಯಿ ಕರಗಿಸಿ, ನಾಗರಹಾವಿನ ಹಿಡಿ ಇರೋ ಒಂದು ಕಪ್ ಮಾಡಿಸಿ ಲಂಡನ್ನಿಗೆ ಕಳಿಸಿದ್ರು. ಇಂಗ್ಲೆಂಡ್ ಸ್ಕಾಟ್ಲೆಂಡ್ ಇವತ್ತಿಗೂ ಆಡೋದು ಆ ಕಲ್ಕತ್ತಾ ಕಪ್ಪಿಗೇ. ಮುಚ್ಚೋವಾಗ ಆ ಕ್ಲಬ್ಬಿನ ಲೆಕ್ಕದಲ್ಲಿ ದುಡ್ಡು ಮಿಕ್ಕಿತ್ತು.

ತಪ್ಪು ಯಾರದ್ದು ಅಂತ ಕೇಳ್ತಾರೆ. ವಾಸ್ಪ್ಸಿಗಿಂತ ಕೆಲವೇ ವಾರ ಮೊದಲು ವೂಸ್ಟರ್ ಕ್ಲಬ್ಬೂ ಸಾಲದಲ್ಲಿ ಮುಳುಗಿ ಬಿತ್ತು, 2023ರ ಜೂನಲ್ಲಿ ಲಂಡನ್ ಐರಿಷ್ ಬಿತ್ತು, 13 ಕ್ಲಬ್ಬಿನ ಲೀಗು 10ಕ್ಕೆ ಇಳೀತು. ಮೂರು ಬೇರೆ ಬೇರೆ ಊರು, ಮೂರು ಬೇರೆ ಬೇರೆ ಓನರು. ಬಂದ ದುಡ್ಡಿಗಿಂತ ಸಂಬಳವೇ ಜಾಸ್ತಿ ಇರೋ ಆಟ ಇದು, ಪ್ರತಿ ವರ್ಷ ಯಾರಾದ್ರೂ ಶ್ರೀಮಂತ ಜೇಬಿಂದ ಹಾಕ್ಲೇಬೇಕು.

ಆಮೇಲೆ ಹೊಸಬರ ಗುಂಪೊಂದು ವಾಸ್ಪ್ಸ್ ಹೆಸರನ್ನ ಕೊಂಡ್ಕೊಳ್ತು, ಎರಡನೇ ದರ್ಜೆಯಲ್ಲಿ ಆಡಕ್ಕೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ತು, ಷರತ್ತು ಪೂರೈಸಕ್ಕೆ ಆಗದೆ 2023ರ ಮೇನಲ್ಲಿ ಅದೂ ರದ್ದಾಗಿ ಲೀಗ್ ಏಣಿಯ ತಳಕ್ಕೆ ತಳ್ಳಿದ್ರು. ಈಗಿನ ಪ್ಲಾನು ಕೆಂಟಿನ ಸ್ವಾನ್ಲಿ ಹತ್ರ ಸ್ಟೇಡಿಯಂ, ಅದು ಹಸಿರು ವಲಯ, ಪರ್ಮಿಷನ್ ಸಿಗೋದು ಸುಲಭ ಇಲ್ಲ. ವೂಸ್ಟರ್ 2025ರಲ್ಲಿ ವಾಪಸ್ ಬಂದು ಎರಡನೇ ದರ್ಜೆಯಲ್ಲಿ ಆಡ್ತಿದೆ, ಅವರಿಗೆ ಹೋಗಿ ಆಡಕ್ಕೆ ತಮ್ಮ ಊರಲ್ಲೇ ತಮ್ಮ ಮೈದಾನ ಇತ್ತು. ವಾಸ್ಪ್ಸ್ ಆಟಗಾರ ಜಾಕ್ ವಿಲಿಸ್ ಕೆಲಸ ಹೋಗಿ ಟುಲೂಸಿಗೆ ಹೋದವನು 2024ರಲ್ಲಿ ಅವರ ಜೊತೆ ಯುರೋಪ್ ಕಪ್ ಎತ್ತಿದ, ಹೌಲಿ ಕಣ್ಣೀರು ಹಾಕಿಸಿದ ಅದೇ ಟುಲೂಸು.

ಇನ್ನೊಂದು ವಾಸ್ಪ್ಸ್ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ವೃತ್ತಿಪರ ಟೀಮು ಬೇರೆ ಆದಾಗ ಸಂಬಳ ಇಲ್ಲದೆ ಆಡೋರು ಹಳೇ ಹೆಸರು ಹಿಡ್ಕೊಂಡು ಉಳಿದ್ರು, ವಾಸ್ಪ್ಸ್ ಎಫ್‌ಸಿ ಅಂತ. ಪಶ್ಚಿಮ ಲಂಡನ್ನಿನ ಆಕ್ಟನ್, ಟ್ವೈಫರ್ಡ್ ಅವೆನ್ಯೂ. ಅದೇ ಕಪ್ಪು ಹಳದಿ ಜೆರ್ಸಿ, ಶನಿವಾರ ಮ್ಯಾಚು, ಆಮೇಲೆ ಬಿಯರು.