ನಿದ್ದೆಗೆ ಗಾಂಜಾ, ಖರ್ಚಿಗೆ ಸರ್ಕಾರ?

ಮುಂಬೈ ಬಳಿಯ ಡೊಂಬಿವಲಿಯಿಂದ ಬರುವ ನಿವೃತ್ತ ಗುಮಾಸ್ತರೊಬ್ಬರು ಕಳೆದ ತಿಂಗಳು ನನ್ನ ಮೇಜಿನ ಮೇಲೆ ನಿದ್ದೆಗೆಂದು ಕೊಂಡ ‘ವಿಜಯಾ’ (ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರು) ಎಣ್ಣೆಯ ಪುಟ್ಟ ಬಾಟಲಿಯನ್ನಿಟ್ಟು, “ಡಾಕ್ಟ್ರೇ, ಮಗ ಇರುವ ಜರ್ಮನಿಯಲ್ಲಿ ಇದರ ಖರ್ಚನ್ನು ವಿಮೆಯೇ ಕೊಡುತ್ತದಂತೆ, ನಮ್ಮ ಸರ್ಕಾರದ ಫುಲೆ ಆರೋಗ್ಯ ಯೋಜನೆಯಲ್ಲಿ ಯಾಕಿಲ್ಲ?” ಎಂದು ಕೇಳಿದರು.

ಕಾನೂನಿನ ಮಾತು ಚಿಕ್ಕದು. 1985ರ ಮಾದಕ ವಸ್ತುಗಳ ಕಾಯ್ದೆಯು ಹೂತೆನೆ ಸೇರದ ಬರಿಯ ಎಲೆಯನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ, ಎಲೆಯ ಸತ್ವದ ಇಂಥ ಔಷಧಗಳು ಆಯುರ್ವೇದದ ಪರವಾನಗಿಯಲ್ಲಿ ಮಾರಾಟವಾಗುತ್ತವೆ. ಆರೋಗ್ಯ ಯೋಜನೆಯ ಕಾರ್ಡಿನ ಅಡ್ಡಿಯೇ ಬೇರೆ. ಮಹಾರಾಷ್ಟ್ರದ ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯಾಗಲಿ, ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಯ ಆಯುಷ್ಮಾನ್ ಭಾರತವಾಗಲಿ, ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪುಗೊಂಡವು. ನಿದ್ದೆ ಬಾರದವನು ಹೊರರೋಗಿ, ಅವನ ಮಾತ್ರೆ ಯಾವುದೇ ಇರಲಿ, ಅದು ಅವನ ಜೇಬಿನ ಲೆಕ್ಕ.

ಜರ್ಮನಿಯಲ್ಲಿಯೂ ಬಾಗಿಲು ಪೂರ್ತಿ ತೆರೆದಿಲ್ಲ. 2017ರ ಕಾನೂನು ವಿಮೆಯನ್ನು ಒಪ್ಪಿಸಿದ್ದು ಗಂಭೀರ ಕಾಯಿಲೆಗೆ, ಅದೂ ರೂಢಿಯ ಚಿಕಿತ್ಸೆ ಇಲ್ಲದಿದ್ದಾಗ ಅಥವಾ ಹೊಂದದಿದ್ದಾಗ. ಫಲಾನುಭವಿಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ದೀರ್ಘಕಾಲದ ನೋವಿನವರು. ಬ್ರಿಟನ್ 2018ರಲ್ಲಿ ತಜ್ಞವೈದ್ಯರಿಗೆ ಅನುಮತಿ ಕೊಟ್ಟರೂ ಅಲ್ಲಿಯ ಸಾರ್ವಜನಿಕ ಆರೋಗ್ಯ ಸೇವೆ ಅದನ್ನು ಕೊಡುವುದು ಅಪರೂಪದ ಅಪಸ್ಮಾರ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಬಿಗಿತ, ಕೀಮೋಥೆರಪಿಯ ವಾಂತಿ ಇಂಥವಕ್ಕೆ. ನಿದ್ದೆ ಆ ಸಾಲಿನಲ್ಲಿಲ್ಲ.

ಈ ಬಿಗಿತನ ನನಗೆ ಸರಿಯೆನಿಸುತ್ತದೆ. ಗಾಂಜಾದ ಟಿಎಚ್‌ಸಿ ಅಂಶ ಕೆಲವರಿಗೆ ಬೇಗ ಜೊಂಪು ತರಿಸುವುದು ನಿಜ. ಆದರೆ ದಿನವೂ ಬಳಸಿದರೆ ದೇಹ ಅದಕ್ಕೆ ಒಗ್ಗಿಕೊಂಡು ಪ್ರಮಾಣ ಏರಿಸಬೇಕಾಗುತ್ತದೆ, ಬಿಟ್ಟಕೂಡಲೇ ನಿದ್ದೆಗೆಟ್ಟು ವಿಚಿತ್ರ ಕನಸುಗಳು ಮುತ್ತುತ್ತವೆ, ಆಗ ರೋಗಿಯು ಇದನ್ನು ಹಳೆಯ ಕಾಯಿಲೆಯೇ ಮರಳಿತೆಂದು ತಿಳಿದು ಮತ್ತೆ ಬಾಟಲಿಗೆ ಕೈಹಾಕುತ್ತಾನೆ.

ಆ ಗುಮಾಸ್ತರ ಹೆಂಡತಿ ಗಂಡನ ಗೊರಕೆ ತಾಳಲಾರದೆ ಎರಡು ವರ್ಷದಿಂದ ಅಡುಗೆಮನೆಯಲ್ಲಿ ಮಲಗುತ್ತಿದ್ದರು. (ಈ ಸಂಗತಿ ತಿಳಿದದ್ದು ಅವರಿಂದ, ಗಂಡನಿಂದಲ್ಲ.) ಗುಮಾಸ್ತರಿಗೆ ಪರೀಕ್ಷೆ ಮಾಡಿಸಿದಾಗ ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಕಂಡಿತು, ಇದಕ್ಕೆ ಗಾಂಜಾ ಸಲ್ಲದೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2018ರಲ್ಲಿಯೇ ಹೇಳಿದೆ. ಅವರಿಗೆ ಬೇಕಿದ್ದದ್ದು ಮುಖವಾಡದ ಮೂಲಕ ಗಾಳಿಯೊತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ. ಅದನ್ನವರು ಪಿಂಚಣಿಯ ಹಣದಿಂದ ಕೊಂಡರು.

ಸರ್ಕಾರದ ಹಣವನ್ನು ಕೇಳುವುದೇ ಆದರೆ ನಾನು ಮೊದಲು ಕೇಳುವುದು ಆ ಪರೀಕ್ಷೆಗೆ, ಆ ಯಂತ್ರಕ್ಕೆ, ಮತ್ತು ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯೆಂದು ಒಪ್ಪಿತವಾದ ನಿದ್ದೆಯ ಅಭ್ಯಾಸ, ಯೋಚನೆಗಳನ್ನು ತಿದ್ದುವ ಸಿಬಿಟಿ-ಐ ಎಂಬ ಆಪ್ತಸಮಾಲೋಚನೆಗೆ. ಮಾತಿನ ಚಿಕಿತ್ಸೆಯಾದ ಅದು ಮರಾಠಿಯಲ್ಲಿಯೂ, ಡೊಂಬಿವಲಿಯ ಕನ್ನಡಿಗರಿಗೆ ಕನ್ನಡದಲ್ಲಿಯೂ ಸಿಗಬೇಕು.